ರಿಜಿಸ್ಟ್ರೇಶನ್ ಆಯ್ತು, ಮನೆ ಯಾವಾಗ ಬಿಡ್ತೀರಿ?

ಮೊನ್ನೆ ಗೆಳೆಯನೊಬ್ಬ ತಾನು ಕೊಳ್ಳಲಿರುವ ಮನೆಯ ಅಗ್ರಿಮೆಂಟಿನ ಕರಡು ಕಳಿಸಿ, "ನೀನು ಒಂದ್ಸಲ ಕೊಂಡಿದೀಯ, ಒಂದ್ಸಲ ಮಾರಿದೀಯ, ಸ್ವಲ್ಪ ಕಣ್ಣು ಹಾಯಿಸೋ" ಅಂದ. ಎಂಟು ಪುಟ. ಚಕ್ಕುಬಂದಿ ಇದೆ, ಖಾತಾ ನಂಬರ್ ಇದೆ, ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು, ಎಷ್ಟು ತಿಂಗಳೊಳಗೆ ರಿಜಿಸ್ಟ್ರೇಶನ್ ಅಂತೆಲ್ಲ ಇದೆ. ಈಗ ಆ ಮನೆಯಲ್ಲಿ ಇರೋರು ಯಾವತ್ತು ಮನೆ ಖಾಲಿ ಮಾಡ್ತಾರೆ ಅನ್ನೋದು ಮಾತ್ರ ಎಲ್ಲೂ ಇಲ್ಲ. ಫೋನ್ ಮಾಡಿ ಕೇಳಿದೆ. "ಅಯ್ಯೋ, ಅದೆಲ್ಲ ಬಾಯಿ ಮಾತಲ್ಲೇ ಆಗಿದೆ. ಒಳ್ಳೇ ಜನ" ಅಂದ.

ನನಗೆ ಹೆದರಿಕೆ ಶುರುವಾಗಿದ್ದೇ ಆ "ಒಳ್ಳೇ ಜನ" ಅನ್ನೋ ಮಾತಿಗೆ!

2011ರಲ್ಲಿ ನಾವು ಚಾಮರಾಜಪೇಟೆಯಲ್ಲಿ ಒಂದು ಪುಟ್ಟ ಮನೆ ಕೊಂಡೆವು. ಮಾರಿದವರು ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಅವರೂ ಒಳ್ಳೇ ಜನವೇ, ಇವತ್ತಿಗೂ ಹಾಗೇ ಹೇಳ್ತೀನಿ. ಜೂನ್ ಮಧ್ಯದಲ್ಲಿ ರಿಜಿಸ್ಟ್ರೇಶನ್ ಆಯ್ತು. ಆಫೀಸಿನಿಂದ ಹೊರಗೆ ಬಂದು ಕಾಫಿ ಕುಡಿಯುವಾಗ ಮೇಷ್ಟ್ರು, "ಇನ್ನು ಹದಿನೈದು ದಿನಕ್ಕೆ ಆಷಾಢ. ಆಷಾಢದಲ್ಲಿ ಮನೆ ಬದಲಾಯಿಸಬಾರದು ಅಲ್ವೇನಪ್ಪಾ? ಅದೊಂದು ಕಳೀಲಿ" ಅಂದರು. ನಾವಾದರೂ ಆಷಾಢದಲ್ಲಿ ಗೃಹಪ್ರವೇಶ ಮಾಡ್ತಿರಲಿಲ್ಲ, ತಲೆ ಆಡಿಸಿದೆವು. ಆಷಾಢ ಕಳೀತು. ಶ್ರಾವಣದಲ್ಲಿ, "ವರಮಹಾಲಕ್ಷ್ಮಿ ಹಬ್ಬ ಇದೇ ಮನೇಲಿ ಮಾಡಿ ಹೋಗ್ತೀನಿ ಅಂತಾಳೆ ನಮ್ಮ ಮನೆಯವಳು." ಆಮೇಲೆ ಗಣೇಶ. ಆಮೇಲೆ ಪಿತೃಪಕ್ಷ, ಆಗ ಯಾರೂ ಮನೆ ಬದಲಾಯಿಸಲ್ಲ. ಆಮೇಲೆ ನವರಾತ್ರಿ, ಗೊಂಬೆ ಕೂರಿಸೋದು. ದೀಪಾವಳಿ ಕೂಡ ಅವರು ಅಲ್ಲೇ ಮಾಡಿದರು. ನವೆಂಬರ್‌ನಲ್ಲಿ ಬೀಗದ ಕೈ ಕೊಟ್ಟರು.

ಸುಮಾರು ಐದು ತಿಂಗಳು ಒಂದು ಕೈಯಲ್ಲಿ ಬಾಡಿಗೆ, ಇನ್ನೊಂದು ಕೈಯಲ್ಲಿ ಇಎಂಐ. ಕೇಳೋಕೆ ಹೋದಾಗೆಲ್ಲ ಅವರ ಹೆಂಡತಿ ಚಕ್ಕುಲಿ ಕೊಡೋರು. ಚಕ್ಕುಲಿ ತಿನ್ನುತ್ತಾ "ಯಾವಾಗ ಹೋಗ್ತೀರಿ" ಅಂತ ಕೇಳೋದು ಹೇಗೆ ಹೇಳಿ :-)

ಒಂದು ರಾತ್ರಿ ಸಿಟ್ಟು ತಡೆಯಲಾರದೆ ಕ್ರಯಪತ್ರ ತೆಗೆದು ಓದಿದೆ. ಸಹಿ ಹಾಕುವಾಗ ಯಾರೂ ಪೂರ್ತಿ ಓದಲ್ಲ, ನಾನೂ ಓದಿರಲಿಲ್ಲ. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಸ್ವತ್ತಿನ ಖಾಲಿ ಸ್ವಾಧೀನವನ್ನು ಈ ದಿವಸವೇ ನಿಮಗೆ ಬಿಟ್ಟುಕೊಟ್ಟಿರುತ್ತೇವೆ ಅಂತ. ಈ ದಿವಸವೇ! ಪತ್ರ ಬರೆಯುವವರು ಎಲ್ಲ ಕ್ರಯಪತ್ರಕ್ಕೂ ಹಾಕೋ ವಾಕ್ಯ ಅದು. ಎರಡೂ ಕಡೆಯವರು ಹೆಬ್ಬೆಟ್ಟು ಒತ್ತಿ, ಫೋಟೋ ಹೊಡೆಸಿಕೊಂಡು, ಸಾಕ್ಷಿಗಳ ಎದುರಿಗೆ ಹೇಳಿದ ಸುಳ್ಳು. ಅವರು ಕೊಟ್ಟಿಲ್ಲ, ನಾನು ತಗೊಂಡಿಲ್ಲ. ಜಗಳ ಹತ್ತಿದರೆ ಏನಾಗುತ್ತೆ ಯೋಚಿಸಿ. "ಮನೆ ಬಿಡ್ತಿಲ್ಲ" ಅಂತ ದೂರು ಕೊಡೋಕೆ ಹೋದವನ ಕೈಯಲ್ಲೇ "ಮನೆ ನನ್ನ ಸ್ವಾಧೀನಕ್ಕೆ ಬಂದಿದೆ" ಅನ್ನೋ ಕಾಗದ ಇರುತ್ತೆ. ಪೊಲೀಸರು ಸಿವಿಲ್ ವಿಷಯ ಅಂತಾರೆ. ಸಿವಿಲ್ ಕೋರ್ಟಿಗೆ ಹೋದರೆ ವರ್ಷಗಟ್ಟಲೆ.

ಆಮೇಲೆ ವಕೀಲರೊಬ್ಬರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. ನಮ್ಮಲ್ಲಿ ಇದಕ್ಕೆ ಆಧಾರ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 55ನೇ ಕಲಮಿನಲ್ಲಿ ಮಾರುವವನ ಕರ್ತವ್ಯ, ಕೊಳ್ಳುವವನ ಕರ್ತವ್ಯ ಎಲ್ಲ ಇದೆ. ಕೊಂಡವನು ಕೇಳಿದಾಗ ಮಾರಿದವನು ಸ್ವಾಧೀನ ಕೊಡಬೇಕು. ಕೊಡುವ ತನಕ ಬುದ್ಧಿಯಿರುವ ಮಾಲೀಕ ನೋಡಿಕೊಳ್ಳುವ ಹಾಗೆ ಮನೆಯನ್ನು ನೋಡಿಕೊಳ್ಳಬೇಕು. ಆದರೆ ಮಾಲೀಕತ್ವ ಕೈ ಬದಲಾದ ಮೇಲೆ, ಮಾರಿದವನ ತಪ್ಪಿಲ್ಲದೆ ಮನೆಗೆ ಏನಾದರೂ ಹಾನಿಯಾದರೆ ನಷ್ಟ ಕೊಂಡವನದೇ. ಅಂದ್ರೆ ರಿಜಿಸ್ಟ್ರೇಶನ್ ಆಗಿ ಬೀಗದ ಕೈ ಸಿಗುವ ಮುಂಚೆ ಮಳೆಗೆ ಗೋಡೆ ಬಿದ್ದರೆ, ನಾನು ಒಂದು ರಾತ್ರಿಯೂ ಮಲಗದ ಮನೆಯ ಗೋಡೆ ಬಿದ್ದದ್ದು ನನ್ನ ಲೆಕ್ಕಕ್ಕೆ. ಈ ಎಲ್ಲ ನಿಯಮಗಳೂ ಬೇರೆ ಕರಾರು ಇಲ್ಲದಿದ್ದಾಗ ಮಾತ್ರ ಅನ್ವಯ. ನೀವಿಬ್ಬರೂ ಕೂತು ಬೇರೆ ಥರ ಬರೆದುಕೊಂಡರೆ ಕಾನೂನು ಬೇಡ ಅನ್ನಲ್ಲ. ನಾವು ಬರೆದುಕೊಳ್ಳೋದೇ ಇಲ್ಲ, ಅಷ್ಟೆ.

ಇಷ್ಟೆಲ್ಲ ಪಾಠ ಕಲಿತವನು ಮುಂದೆ ಬುದ್ಧಿವಂತನಾದ ಅಂದುಕೊಂಡಿರಾ? ಇಲ್ಲ. ಗಾಂಧಿನಗರದ ಮನೆ ಮಾರುವಾಗ ನಾವೂ ಅದನ್ನೇ ಮಾಡಿದೆವು.

ಗಾಂಧಿನಗರದಲ್ಲಿ ಮನೆ ಅಂದರೆ "ಸಿನಿಮಾದವರಾ?" ಅಂತ ಕೇಳ್ತಾರೆ. ಅಲ್ಲ ಸ್ವಾಮಿ. ನಮ್ಮ ತಾತ ಆ ಮನೆ ಮಾಡಿಕೊಂಡಾಗ ಅಕ್ಕಪಕ್ಕ ಎಲ್ಲ ಸಂಸಾರಗಳೇ ಇದ್ದವಂತೆ. ನಾನು ಕಂಡಂತೆ ಒಂದೊಂದಾಗಿ ಲಾಡ್ಜು, ಸಿನಿಮಾ ಹಂಚಿಕೆದಾರರ ಆಫೀಸು, ಎಲೆಕ್ಟ್ರಿಕಲ್ ಅಂಗಡಿ ಆದವು. ಕಪಾಲಿ ಥಿಯೇಟರೂ ನೆಲಸಮ ಆಯ್ತು. ಕೊನೆಗೆ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡ್ತಿದ್ದದ್ದು ಅಮ್ಮ ಒಬ್ಬಳೇ. ಅಪ್ಪ ಹೋದ ಮೇಲೆ ಅಣ್ಣನೂ ನಾನೂ ಮಾರೋದು ಅಂತ ತೀರ್ಮಾನ ಮಾಡಿದೆವು. ಚಿಕ್ಕಪೇಟೆಯಲ್ಲಿ ಸಗಟು ವ್ಯಾಪಾರ ಮಾಡುವ, ತುಮಕೂರು ಕಡೆಯ ಒಂದು ಕುಟುಂಬ ಕೊಂಡಿತು. ಕೆಳಗೆ ಗೋಡೌನು, ಮೇಲೆ ವಾಸ ಅನ್ನೋದು ಅವರ ಲೆಕ್ಕ.

2023ರ ಫೆಬ್ರವರಿಯಲ್ಲಿ ರಿಜಿಸ್ಟ್ರೇಶನ್. ಅಮ್ಮ ಹೋಗಬೇಕಾಗಿದ್ದ ಬನಶಂಕರಿಯ ಫ್ಲಾಟಿನಲ್ಲಿ ಅಡುಗೆಮನೆ ಕೆಲಸ ಮುಗಿದಿರಲಿಲ್ಲ. ಅಣ್ಣ, "ಇನ್ನೆರಡು ವಾರ ಅಮ್ಮ ಇಲ್ಲೇ ಇರ್ತಾಳೆ" ಅಂದ. ಆ ಯಜಮಾನರು, "ಅದಕ್ಕೇನು ಸಾರ್, ಅಮ್ಮನೋರು ನಿಧಾನಕ್ಕೆ ಹೋಗ್ಲಿ" ಅಂದರು. ಅವರೂ ಒಳ್ಳೇ ಜನ! ಆದರೆ ಅವರ ಪುರೋಹಿತರು ಹಾಲುಕ್ಕಿಸೋಕೆ ಇಟ್ಟುಕೊಟ್ಟ ಮುಹೂರ್ತ ನಾಲ್ಕನೇ ದಿನಕ್ಕಿತ್ತು. ಅದು ತಪ್ಪಿದರೆ ಅವರ ಮನೆಯವರ ಜಾತಕಕ್ಕೆ ಇನ್ನೊಂದು ಒಳ್ಳೇ ದಿನ ಬಹಳ ದೂರ ಅಂತೆ. ಹಾಗಾಗಿ ಅಮ್ಮ ಇರುವಾಗಲೇ ಹಾಲುಕ್ಕಿಸಿದರು.

ಬೆಳಗಿನ ಜಾವ ಐದೂವರೆಗೆ ಅಮ್ಮನ ಅಡುಗೆಮನೆ, ಅಮ್ಮನ ಒಲೆ. ಅಮ್ಮ ರಾತ್ರಿಯೇ ಒಲೆ ತೊಳೆದು, ತನ್ನ ಪಾತ್ರೆಗಳನ್ನೆಲ್ಲ ಒಂದು ಮೂಲೆಗೆ ಸರಿಸಿ, ಅದರ ಮೇಲೆ ಹಳೇ ಪಂಚೆ ಹೊದಿಸಿದ್ದಳು. ಅವರು ಬಂದಾಗ ಪಕ್ಕದ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಹಾಲುಕ್ಕಿತು, ಎಲ್ಲರೂ ನಕ್ಕರು. ಆ ಮನೆಯ ಸೊಸೆ ಒಳಗೆ ಬಂದು ಅಮ್ಮನ ಕಾಲಿಗೆ ನಮಸ್ಕಾರ ಮಾಡಿದಳು. ಅಮ್ಮ ಕುಂಕುಮ ಕೊಡೋಕೆ ಎದ್ದು ನಿಂತಳು. ಕುಂಕುಮದ ಬಟ್ಟಲು ದೇವರ ಮನೆಯಲ್ಲಿತ್ತು. ದೇವರ ಮನೆಯಲ್ಲಿ ಆಗಲೇ ಅವರ ದೇವರ ಫೋಟೋ ಇಟ್ಟಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು ಆ ಹುಡುಗಿಯನ್ನೇ, "ನಾನು ಒಳಗೆ ಹೋಗಬಹುದೇನಮ್ಮಾ?" ಅಂತ ಕೇಳಿದಳು.

ಐವತ್ತೆರಡು ವರ್ಷ ಇದ್ದ ಮನೆ. ನನಗೆ ಅವತ್ತು ಅಲ್ಲಿ ನಿಲ್ಲೋಕಾಗಲಿಲ್ಲ.

ಅವತ್ತಿನಿಂದ ಅಮ್ಮ ಪ್ರತಿಯೊಂದಕ್ಕೂ ಅನುಮತಿ ಕೇಳೋಕೆ ಶುರು ಮಾಡಿದಳು. ಕರಿಬೇವು ಕೀಳೋಕೆ, ಮಹಡಿ ಮೇಲೆ ಬಟ್ಟೆ ಹರವೋಕೆ. ಅವರು ಯಾರೂ ಒಂದು ಮಾತು ಅಂದವರಲ್ಲ. ಒಂಬತ್ತನೇ ದಿನ ಸಂಪಿನ ಮೋಟರ್ ಸುಟ್ಟುಹೋಯ್ತು. ಅಣ್ಣ, "ಮನೆ ಅವರದ್ದು, ಮೋಟರೂ ಅವರದ್ದು" ಅಂದ. ಅವರು, "ಉಪಯೋಗಿಸ್ತಿರೋದು ನೀವಲ್ವಾ ಸಾರ್" ಅಂದರು. ಇಬ್ಬರದ್ದೂ ಸರಿ, ಅದೇ ತೊಂದರೆ! ಚಾಮರಾಜಪೇಟೆಯ ಚಕ್ಕುಲಿ ನೆನಪಾಗಿ ನಾನೇ ರಿವೈಂಡಿಂಗ್ ಮಾಡಿಸಿ ಕೊಟ್ಟೆ.

ಎರಡೂ ಕಡೆ ನಿಂತು ನೋಡಿದ ಮೇಲೆ ನನ್ನ ಅಭಿಪ್ರಾಯ ಇದು. ಮಾರುವವರು ರಿಜಿಸ್ಟ್ರೇಶನ್‌ಗೆ ಮುಂಚೆಯೇ ಮನೆ ಖಾಲಿ ಮಾಡಬೇಕು. ಕೊನೆಯ ಪಾತ್ರೆ, ಕೊನೆಯ ಕ್ಯಾಲೆಂಡರ್ ಕೂಡ ಹೊರಗೆ ಹೋಗಿರಬೇಕು. ಹಾಗಂದ ಕೂಡಲೇ ಮಾರೋರು, "ದುಡ್ಡು ಬರೋ ಮುಂಚೆ ಮನೆ ಬಿಟ್ಟುಕೊಟ್ಟು ಬೀದೀಲಿ ನಿಲ್ಲಬೇಕಾ?" ಅಂತಾರೆ. ಅಲ್ಲ. ಮನೆ ಖಾಲಿ ಮಾಡೋದು ಬೇರೆ, ಬೀಗದ ಕೈ ಕೊಡೋದು ಬೇರೆ. ಖಾಲಿ ಮನೆಗೆ ಬೀಗ ಹಾಕಿ, ಕೈಯನ್ನು ಜೇಬಲ್ಲಿಟ್ಟುಕೊಂಡೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬನ್ನಿ. ಬ್ಯಾಂಕಿನವರು ಚೆಕ್ಕೋ ಡಿಡಿಯೋ ಕೊಡಲಿ, ಸಹಿ ಆಗಲಿ, ಬೀಗದ ಕೈ ಅದೇ ಮೇಜಿನ ಮೇಲೆ ಕೈ ಬದಲಾಗಲಿ. ಅವತ್ತು ಏನೋ ಕಾರಣಕ್ಕೆ ರಿಜಿಸ್ಟ್ರೇಶನ್ ನಿಂತರೆ ಬೀಗದ ಕೈ ನಿಮ್ಮ ಜೊತೆಯೇ ವಾಪಸ್ ಬರುತ್ತೆ. ರಿಜಿಸ್ಟ್ರೇಶನ್‌ಗೆ ತುಂಬಾ ಮೊದಲೇ ಕೈ ಕೊಡೋದೂ ಬೇಡ. ಕರಾರಿನಲ್ಲೇ ಸ್ವಾಧೀನ ಕೊಟ್ಟರೆ, 1957ರ ಕರ್ನಾಟಕ ಸ್ಟಾಂಪ್ ಕಾಯ್ದೆ ಪ್ರಕಾರ ಆ ಕರಾರಿಗೇ ಕ್ರಯಪತ್ರದಷ್ಟು ಸ್ಟಾಂಪ್ ಡ್ಯೂಟಿ ಬೀಳುತ್ತೆ.

ನಿಜವಾದ ಕಷ್ಟ ಇರೋದು ಬೇರೆ ಕಡೆ. ಹಳೇ ಮನೆ ಮಾರಿದ ದುಡ್ಡಲ್ಲೇ ಹೊಸ ಮನೆ ಕೊಳ್ಳೋರು ಎಲ್ಲಿಗೆ ಹೋಗಬೇಕು? ಇದು ಬರೀ ನಮ್ಮೂರಿನ ಕಥೆಯಲ್ಲ. ಇಂಗ್ಲೆಂಡಿನಲ್ಲಿ ಒಬ್ಬರ ಮನೆ ಇನ್ನೊಬ್ಬರಿಗೆ ಕೊಂಡಿಯಾಗಿ ಸರಪಳಿಯೇ ಇರುತ್ತೆ. ಒಂದೇ ದಿನ ಎಲ್ಲರ ಲಾರಿಗಳೂ ರಸ್ತೆಯಲ್ಲಿ, ದುಡ್ಡು ತಲುಪಿದ ಸುದ್ದಿ ವಕೀಲರಿಂದ ಬಂದ ಮೇಲೆ ಏಜೆಂಟರು ಬೀಗದ ಕೈ ಕೊಡ್ತಾರೆ. ಅಮೆರಿಕದಲ್ಲಿರುವ ನನ್ನ ಸೋದರತ್ತೆ ಮಗ ಹೇಳೋ ಪ್ರಕಾರ, ಅಲ್ಲಿ ಸಹಿಗೆ ಸ್ವಲ್ಪ ಮುಂಚೆ ಕೊಳ್ಳೋರು ಖಾಲಿ ಮನೆಯನ್ನು ಕೊನೆಯ ಸಲ ಸುತ್ತಿ ನೋಡ್ತಾರೆ, ನಲ್ಲಿ ತಿರುಗಿಸಿ, ದೀಪ ಹಾಕಿ. ಮಾರಿದವರು ಇನ್ನೂ ಕೆಲವು ದಿನ ಇರಬೇಕಾದರೆ, ತಾವು ಮಾರಿದ ಮನೆಗೆ ತಾವೇ ಬಾಡಿಗೆ ಕೊಟ್ಟು ಇರ್ತಾರೆ. ಆದರೆ ಕೊಂಡವರು ಅರವತ್ತು ದಿನದೊಳಗೆ ವಾಸಕ್ಕೆ ಬರಬೇಕು ಅಂತ ಬಹಳಷ್ಟು ಗೃಹಸಾಲಗಳ ಷರತ್ತು ಇರೋದರಿಂದ ಅದೂ ಅಷ್ಟರೊಳಗೇ ಮುಗೀಬೇಕು. ಕೇಳಿದಾಗ, "ಇವರಿಗೆ ಮನುಷ್ಯತ್ವವೇ ಇಲ್ಲ" ಅಂತ ನಕ್ಕಿದ್ದೆ. ಮಾರಿದವರ ಹತ್ತಿರ ಬಾಡಿಗೆ ಕೇಳೋದಾ! ಈಗ ನಗು ಬರಲ್ಲ. ಅಮ್ಮ ಆ ಎರಡು ವಾರಕ್ಕೆ ಬಾಡಿಗೆ ಕೊಟ್ಟಿದ್ದರೆ ಕರಿಬೇವು ಕೀಳೋಕೆ ಯಾರನ್ನೂ ಕೇಳ್ತಿರಲಿಲ್ಲ.

ಹಾಗಾಗಿ ಗೆಳೆಯನಿಗೆ ಅಗ್ರಿಮೆಂಟಿನಲ್ಲಿ ಸೇರಿಸು ಅಂತ ಬರೆದು ಕಳಿಸಿದ್ದು ಇಷ್ಟು. ಮನೆ ಖಾಲಿ ಮಾಡುವ ತಾರೀಖು, ರಿಜಿಸ್ಟ್ರೇಶನ್‌ಗಿಂತ ಎರಡು ದಿನ ಮುಂಚೆ. ಅವರಿಗೆ ಬೇರೆ ಮನೆಗೆ ಅಡ್ವಾನ್ಸ್ ಕೊಡೋಕೆ ದುಡ್ಡಿಲ್ಲದಿದ್ದರೆ, ನೀನು ಕೊಡೋ ಮೊದಲ ಕಂತು ಸ್ವಲ್ಪ ಜಾಸ್ತಿ ಇರಲಿ. ಈ ಊರಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳೋ ಮಾಲೀಕರೂ ಇದ್ದಾರೆ. ಆಗಲ್ಲ, ಇರಲೇಬೇಕು ಅಂದರೆ ಬೇರೆ ಕಾಗದದಲ್ಲಿ ಲೀವ್ ಅಂಡ್ ಲೈಸೆನ್ಸ್ ಮಾಡಿಕೊಳ್ಳಿ. ಬಾಡಿಗೆ ಕರಾರು ಅಂತ ಮಾಡಿದರೆ ಬಾಡಿಗೆದಾರನ ಹಕ್ಕುಗಳೂ ಹಿಂದೆಯೇ ಬರುತ್ತವೆ, ವಕೀಲರನ್ನು ಕೇಳಿಯೇ ಬರೆಸು. ದಿನಕ್ಕೆ ಎಷ್ಟು, ಕರೆಂಟು ನೀರು ಯಾರದ್ದು, ಮೋಟರ್ ಸುಟ್ಟರೆ ಯಾರದ್ದು, ಎಲ್ಲ ಬರೀ. ಕ್ರಯಪತ್ರದಲ್ಲಿ "ಈ ದಿವಸವೇ ಸ್ವಾಧೀನ" ಅನ್ನೋ ಸುಳ್ಳನ್ನು ತೆಗೆಸಿ ನಿಜವಾದ ತಾರೀಖು ಹಾಕಿಸು. ತಡವಾದರೆ ದಿನಕ್ಕೆ ಇಷ್ಟು ಅಂತಲೂ ಇರಲಿ, ಆದರೆ ಬಾಯಿಗೆ ಬಂದಷ್ಟು ಬರೀಬೇಡ. ಎಷ್ಟೇ ಬರೆದರೂ ಕೋರ್ಟು ಅದರೊಳಗೆ ನ್ಯಾಯವಾದಷ್ಟನ್ನೇ ಕೊಡಿಸೋದು.

ಆಷಾಢದ ಮಾತೂ ಬರೆದೆ. ಪಂಚಾಂಗ ನೋಡಿಯೇ ರಿಜಿಸ್ಟ್ರೇಶನ್ ತಾರೀಖು ಇಟ್ಟುಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಆಷಾಢ ಏನು ಹೇಳದೆ ಕೇಳದೆ ಬರೋ ನೆಂಟನಲ್ಲ. ಈಗ ಕಾವೇರಿ 2.0ದಲ್ಲಿ ಪತ್ರದ ಕರಡು ಮೊದಲೇ ಕಳಿಸಿ, ಶುಲ್ಕ ಕಟ್ಟಿ, ದಿನ ಮತ್ತು ಸಮಯ ಕಾಯ್ದಿರಿಸೋದು. ಲಾರಿ ಬುಕ್ ಮಾಡೋಕೆ ಇದಕ್ಕಿಂತ ಏನು ಬೇಕು? 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1ರಿಂದ ಶೇ 2 ಆಗಿದೆ. ಸ್ಟಾಂಪ್ ಡ್ಯೂಟಿ, ಸೆಸ್ಸು ಎಲ್ಲ ಸೇರಿ ಒಂದು ಕೋಟಿಯ ಮನೆಗೆ ಬೆಂಗಳೂರಲ್ಲಿ ಸುಮಾರು 7.6 ಲಕ್ಷ ಕಟ್ಟಬೇಕು. ಅಷ್ಟು ಕಟ್ಟೋರು ನಾಲ್ಕು ಸಾಲು ಜಾಸ್ತಿ ಬರೆಸೋಕೆ ಸಂಕೋಚ ಪಡ್ತೀವಿ. "ಏನಂದ್ಕೋತಾರೋ" ಅಂತ.

ಹಳೇ ಬಾಡಿಗೆದಾರರು ಇರೋ ಮನೆಗಳದ್ದು ಬೇರೆಯೇ ಪುರಾಣ, ಅದು ಇನ್ನೊಂದು ದಿನಕ್ಕಿರಲಿ.

ಗೆಳೆಯ ನಿನ್ನೆ ರಾತ್ರಿ ಫೋನ್ ಮಾಡಿದ್ದ. ಮಾರೋ ಯಜಮಾನರಿಗೆ ಎಪ್ಪತ್ತಾರು ವರ್ಷ. ತಾರೀಖಿನ ಸಾಲು ಓದಿ ಮುಖ ಸಣ್ಣ ಮಾಡಿಕೊಂಡರಂತೆ. "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದರಂತೆ. ಇವನಿಗೆ ಏನು ಹೇಳಬೇಕೋ ತೋಚಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದು, "ಬರೀರಿ, ಬರೀರಿ. ತಾರೀಖು ಅಂತ ಒಂದಿಲ್ಲದಿದ್ರೆ ಇವರು ಅಟ್ಟದ ಮೇಲಿನ ಸಾಮಾನು ಇಳಿಸೋದೇ ಇಲ್ಲ" ಅಂದರಂತೆ. ಸಹಿ ಆಯ್ತು.

ನಿಮ್ಮ ಮನೆಗಳಲ್ಲಿ ಹೇಗಾಯ್ತು? ಕೊಂಡವರೂ ಮಾರಿದವರೂ ಬರೀರಿ, ಅದರಲ್ಲೂ ಮಾರಿದವರು.