ಟ್ರೇಲರ್‌ಗೆ ದುಬಾರಿ ಕೋಟಿಂಗ್ ಬೇಕಾ?

ನಮ್ಮ ಹಗರೆ ಕಡೆ ಪಿಕಪ್, ಟ್ರೇಲರ್ ಇರೋರು ತುಕ್ಕು ಹಿಡೀದಂಗೆ ಸ್ಪ್ರೇ ಕೋಟಿಂಗ್ ಮಾಡಿಸೋಣ ಅಂತಾರೆ. ರೇಟ್ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ. ಆದರೆ ಆ ರೇಟು ಬರೀ ಬಳಿಯೋ ಮಾಲಿಂದಲ್ಲ. ಪಾಲಿಯೂರಿಯಾ ಅನ್ನೋದು ಎರಡು ದ್ರವ. ಬಿಸಿ ಮಾಡಿ ಮೆಷಿನ್‌ನಲ್ಲಿ ಹೊಡೆದರೆ ಕೆಲವೇ ಸೆಕೆಂಡಿಗೆ ಗಟ್ಟಿಯಾಗುತ್ತೆ. ಅದಕ್ಕೂ ಮೊದಲು ಸ್ಯಾಂಡ್ ಬ್ಲಾಸ್ಟ್ ಮಾಡಿ ತುಕ್ಕೆಲ್ಲ ತೆಗೀಬೇಕು. ರೇಟಿಗಿಂತ ಮೊದಲು ಅದನ್ನ ಕೇಳಿ. ಕಮ್ಮಿಗೆ ಸಿಗುತ್ತೆ ಅಂತ ತುಕ್ಕಿನ ಮೇಲೇ ಹೊಡೆಸಿದರೆ ಒಳಗೊಳಗೇ ತಗಡು ಲಡ್ಡಾಗುತ್ತೆ, ಮೇಲೆ ಗೊತ್ತೂ ಆಗಲ್ಲ.

ನನ್ನ ಅಭಿಪ್ರಾಯ ಇಷ್ಟೆ. ದಿನಾ ಬಾಡಿಗೆಗೆ ಓಡೋ ಹೊಸ ಗಾಡಿಗಾದರೆ ಮಾಡಿಸಿ, ಅದೂ ತಳಕ್ಕೆ ಸಾಕು. ಗೊಬ್ಬರ, ಶುಂಠಿ, ಜೋಳಕ್ಕೆ ಮಾತ್ರ ಹೊರಗೆ ಬರೋ ನಮ್ಮ ಹಳೇ ಟ್ರೇಲರ್‌ಗೆ ಬೇಡ. ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಜಾತಿನೇ. ಚೆಲ್ಲಿದ್ದು ನೆನೆದರೆ ಕಬ್ಬಿಣ ತಿನ್ನುತ್ತೆ. ಇಳಿಸಿದ ದಿನವೇ ತೊಳೆದು ಒಣಗಿಸಿ. ಮಳೆಗಾಲಕ್ಕೆ ಮುಂಚೆ ವೈರ್ ಬ್ರಷ್‌ನಲ್ಲಿ ಉಜ್ಜಿ ರೆಡ್ ಆಕ್ಸೈಡ್ ಹೊಡೀರಿ, ಮೇಲೆ ಎನಾಮಲ್ ಎರಡು ಕೋಟ್. ಮನೆಯವರೇ ಮಾಡ್ಕೋಬಹುದು. ಉಳಿದ ದುಡ್ಡು ಟೈರಿಗಾದ್ರೂ ಆಗುತ್ತೆ.