ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯೂ ನಮ್ಮ ನಿತ್ಯದ ಊಟವೂ

ಹೃದಯದ ಕವಾಟ ಬದಲಿಸಿಕೊಂಡವರು, ಹೃದಯ ಬಡಿತದ ಲಯ ತಪ್ಪಿದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಬಳಲಿದವರು ಇಂದು ನಮ್ಮ ಅನೇಕ ಕುಟುಂಬಗಳಲ್ಲಿದ್ದಾರೆ. ಇವರಲ್ಲಿ ಹಲವರು ವಾರ್ಫರಿನ್ ಅಥವಾ ಅಸಿನೊಕೌಮರಾಲ್ ಎಂಬ ಗುಳಿಗೆಯನ್ನು ನಿತ್ಯ ಸೇವಿಸುತ್ತಾರೆ. ಅವರು ಆಸ್ಪತ್ರೆಯಿಂದ ಮರಳಿದ ದಿನವೇ ಅಡುಗೆಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇವರಿಗೆ ತಪ್ಪಲ ಪಲ್ಲೆ ಬಡಿಸಬಹುದೇ? 'ಹಸಿರು ಯಾವುದೂ ಬೇಡ' ಎಂಬ ಮಾತನ್ನು ನಂಬಿ ಮೆಂತ್ಯೆ, ಪಾಲಕ, ರಾಜಗಿರಿಗಳನ್ನು ಸಂಪೂರ್ಣ ಬಿಡಿಸಿದ ಮನೆಗಳುಂಟು. ಶಾಕಾಹಾರವನ್ನೇ ನಂಬಿದ ನಮಗೆ ಇದು ಸಣ್ಣ ನಷ್ಟವಲ್ಲ, ಅಗತ್ಯವೂ ಅಲ್ಲ.

ಈ ಔಷಧದ ಮೂಲ ದನಗಳ ಮೇವಿನಲ್ಲಿದೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ, ಬೂಸು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವನ್ನು ತಿಂದ ದನಗಳು ರಕ್ತಸ್ರಾವ ನಿಲ್ಲದೆ ಸತ್ತವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಅದಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸಿದರು. ಅದೇ ಬಳಗದ ವಾರ್ಫರಿನ್ ಮೊದಲು ಇಲಿ ಪಾಷಾಣವಾಗಿ ಬಳಕೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು. ಆದುದರಿಂದ ಅಳತೆಯೇ ಇಲ್ಲಿ ಮುಖ್ಯ.

ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ಸಿದ್ಧಪಡಿಸಲು 'ಕೆ' ಜೀವಸತ್ವ ಅವಶ್ಯ. ಗುಳಿಗೆ ಆ ಜೀವಸತ್ವದ ಕಾರ್ಯವನ್ನು ತಡೆಯುತ್ತದೆ. ಹಸಿರು ತಪ್ಪಲು ಅದನ್ನು ಒದಗಿಸುತ್ತದೆ. ತಪ್ಪಲು ಒಮ್ಮೆಲೇ ಹೆಚ್ಚಾದರೆ ಗುಳಿಗೆಯ ಬಲ ಕುಂದಿ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಒಮ್ಮೆಲೇ ನಿಂತರೆ ಬಲ ಹೆಚ್ಚಿ ರಕ್ತಸ್ರಾವವಾಗಬಹುದು. ಐಎನ್‌ಆರ್ ಎಂಬ ರಕ್ತಪರೀಕ್ಷೆ ಈ ಸಮತೋಲವನ್ನು ತಿಳಿಸುತ್ತದೆ. ಹಲವರಿಗೆ ಅದು 2ರಿಂದ 3ರೊಳಗೆ ಇರಬೇಕು. ಕೆಲವು ಕವಾಟಗಳವರಿಗೆ ವೈದ್ಯರು ತುಸು ಹೆಚ್ಚು ಗೊತ್ತುಪಡಿಸುತ್ತಾರೆ.

ಆದ್ದರಿಂದ ತಾಯಂದಿರು ನೆನಪಿಡಬೇಕಾದ ಸೂತ್ರ ಒಂದೇ: ಬಿಡುವುದು ಬೇಡ, ಏರುಪೇರು ಬೇಡ. ವಾರಕ್ಕೆ ಮೂರು ದಿನ ಒಂದೊಂದು ಬಟ್ಟಲು ಪಲ್ಲೆ ಉಣ್ಣುವವರು ಅದನ್ನೇ ಮುಂದುವರಿಸಲಿ. ಚಳಿಗಾಲದಲ್ಲಿ ಸಂತೆಗೆ ಮೆಂತ್ಯೆ ಅಗ್ಗವಾಗಿ ಬಂದಿತೆಂದು ದಿನವೂ ಉಣಿಸುವುದು, ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮರೆಯುವುದು ಸರಿಯಲ್ಲ. ಕೊತ್ತಂಬರಿ, ಉಳ್ಳಾಗಡ್ಡಿ ತಪ್ಪಲು, ನುಗ್ಗೆ ಸೊಪ್ಪುಗಳೂ ಇದೇ ಲೆಕ್ಕದಲ್ಲಿ ಸೇರುತ್ತವೆ. ಜೋಳದ ರೊಟ್ಟಿ, ಅನ್ನ, ಬೇಳೆ, ಬದನೆಕಾಯಿ, ಮೊಸರು, ಮಜ್ಜಿಗೆಗಳಿಗೆ ಈ ಕಟ್ಟುಪಾಡಿಲ್ಲ. ಚಹಾ ಎಂದಿನಷ್ಟು ಕುಡಿಯಬಹುದು. ನಮ್ಮ ಧಾರವಾಡ ಫೇಡೆಗೂ ಈ ಗುಳಿಗೆಗೂ ವೈರವಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಅದು ಬೇರೆ ವಿಚಾರ.

ಶ್ರಾವಣ ಸೋಮವಾರ, ಶಿವರಾತ್ರಿಗಳ ಉಪವಾಸವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಜ್ವರ, ಭೇದಿಗಳಿಂದ ಹಲವು ದಿನ ಊಟ ಸೇರದಿದ್ದರೂ ರಕ್ತಪರೀಕ್ಷೆ ಮಾಡಿಸಬೇಕು. ಊಟ ತಗ್ಗಿದಾಗ ಗುಳಿಗೆಯ ಬಲ ಏರುತ್ತದೆ. ಅಡುಗೆಯ ಅರಿಷಿಣ, ಬೆಳ್ಳುಳ್ಳಿ, ಶುಂಠಿಗಳಿಗೆ ಅಂಜಬೇಕಿಲ್ಲ. ಆದರೆ ಅವುಗಳನ್ನೇ ಔಷಧವಾಗಿ ಹೆಚ್ಚು ಸೇವಿಸುವುದು, ಹೆಸರು ತಿಳಿಯದ ಕಷಾಯ, ಚೂರ್ಣ ಕುಡಿಯುವುದು ಅಪಾಯಕಾರಿ. ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ಗುಳಿಗೆ ಇನ್ನೂ ಅಪಾಯಕಾರಿ. ಮದ್ಯವನ್ನು ದೂರವಿಡಬೇಕೆಂದು ನಾವು ಬೇರೆ ಹೇಳಬೇಕಿಲ್ಲ. ಒಂದು ಹೊತ್ತಿನ ಗುಳಿಗೆ ಮರೆತರೆ ಮರುದಿನ ಎರಡು ನುಂಗಬಾರದು.

ಎಲ್ಲರ ಗುಳಿಗೆಯೂ ಒಂದೇ ಅಲ್ಲ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮತ್ತು ಈಚಿನ ಡಬಿಗಾಟ್ರಾನ್, ಅಪಿಕ್ಸಾಬಾನ್, ರಿವರೊಕ್ಸಾಬಾನ್ ಸೇವಿಸುವವರಿಗೆ ತಪ್ಪಲಿನ ಲೆಕ್ಕ ಬೇಕಿಲ್ಲ. ರಿವರೊಕ್ಸಾಬಾನ್‌ನ 15 ಮತ್ತು 20 ಮಿಲಿಗ್ರಾಂ ಗುಳಿಗೆಗಳನ್ನು ಊಟದೊಂದಿಗೇ ಸೇವಿಸಬೇಕು. ಆದ್ದರಿಂದ ನೆರೆಮನೆಯವರ ಪಥ್ಯವನ್ನು ಅನುಕರಿಸದೆ, ನಮ್ಮ ಚೀಟಿಯಲ್ಲಿರುವ ಹೆಸರನ್ನು ಮೊದಲು ಓದಿಸಿಕೊಳ್ಳೋಣ.

ವಸಡಿನಲ್ಲಿ ನಿಲ್ಲದ ರಕ್ತ, ಕಪ್ಪು ಮಲ, ಕೆಂಪು ಮೂತ್ರ, ತಲೆಗೆ ಪೆಟ್ಟು, ಒಮ್ಮೆಲೇ ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಗುಳಿಗೆಯ ಹೆಸರು, ಪ್ರಮಾಣ, ಕೊನೆಯ ಐಎನ್‌ಆರ್ ಬರೆದ ಚೀಟಿ ಸದಾ ಜೊತೆಗಿರಲಿ. ಹಿರಿಯರನ್ನು ಪಂಕ್ತಿಯಿಂದ ಬೇರ್ಪಡಿಸದೆ, ಎಲ್ಲರೊಡನೆ ಕೂಡಿಸಿಕೊಂಡು, ಅಳತೆಯರಿತು ಬಡಿಸೋಣ.