ಹಲ್ಲಿನ ಬಿಳುಪು, ಮರಳಿನ ಲೆಕ್ಕ

ಕಳೆದ ಮಳೆಗಾಲದಲ್ಲಿ ನನ್ನ ದವಡೆಗೊಂದು ಜಿರ್ಕೋನಿಯಾ ಕಿರೀಟ ಬಂದಿತು. ಜೊತೆಗೆ ಕೊಟ್ಟ ಖಾತರಿ ಚೀಟಿಯಲ್ಲಿ ಹತ್ತು ವರ್ಷಗಳ ಭರವಸೆಯಿತ್ತು. ಲೋಹವಿಲ್ಲ, ಪಾದರಸವಿಲ್ಲವೆಂಬ ಒಕ್ಕಣೆಯಿತ್ತು. ಈ ಬಿಳಿಯ ವಸ್ತು ಯಾವ ನೆಲದ್ದೆಂಬ ಮಾತು ಮಾತ್ರ ಇರಲಿಲ್ಲ. ಬಿತ್ತನೆ ಬತ್ತದ ಚೀಲದ ಮೇಲೂ ಊರಿನ ಹೆಸರಿರುತ್ತದೆ.

ಅದರ ಮೂಲ ಕಡಲ ದಂಡೆಯ ಮರಳು. ಬಂಡೆಯೊಳಗಿನ ಜಿರ್ಕಾನ್ ಹರಳು, ಬಂಡೆ ಸವೆದರೂ ತಾನು ಸವೆಯದೆ ನದಿಗಳೊಡನೆ ಇಳಿದು ಅಲೆಗಳ ಅಂಚಿನಲ್ಲಿ ರಾಶಿಯಾಗುತ್ತದೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಅದು ಹೇರಳ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರಗಳ ಕರಿಮರಳಿನಲ್ಲಿಯೂ ಇದೆ. ಚವರದ ಮರಳೆಂದರೆ ನಮ್ಮ ಘಟ್ಟಸಾಲಿನ ತೆಂಕಣ ತುದಿಯ ಶಿಲೆಗಳ ಪುಡಿಯೇ.

ಈ ಹರಳಿನೊಳಗೆ ಟನ್ನಿಗೆ ಕೆಲವು ನೂರು ಗ್ರಾಂಗಳಷ್ಟು ಯುರೇನಿಯಂ, ಥೋರಿಯಂ ಬೆರೆತಿರುತ್ತವೆ. ತೊಳೆದರೆ ಹೋಗುವ ಕೊಳೆಯಲ್ಲ ಅದು, ಹರಳನ್ನೇ ಒಡೆಯಬೇಕು. ಕಾಸ್ಟಿಕ್ ಸೋಡಾದೊಡನೆ ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ, ಸಿಲಿಕಾಂಶವನ್ನು ನೀರಿನಲ್ಲಿ ತೊಳೆದು ತೆಗೆದು, ಉಳಿದುದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಜಿರ್ಕೋನಿಯಂ ಆಕ್ಸಿಕ್ಲೋರೈಡಿನ ಹರಳು ಕಟ್ಟಿಸುವುದು ಒಂದು ಮುಖ್ಯ ವಿಧಾನ. ಕಬ್ಬಿಣ, ಯುರೇನಿಯಂ, ಥೋರಿಯಂಗಳು ಬಹುಪಾಲು ದ್ರಾವಣದಲ್ಲಿಯೇ ಉಳಿಯುತ್ತವೆ. ಬಳಿಕ ಇಟ್ರಿಯಂ ಲವಣ ಬೆರೆಸಿ (ಅದಿಲ್ಲದಿದ್ದರೆ ಕುಲುಮೆಯಿಂದ ತೆಗೆದ ಹಲ್ಲು ತಣಿಯುವಾಗ ಹಿಗ್ಗಿ ಬಿರಿಯುತ್ತದೆ), ಅಮೋನಿಯದಿಂದ ಗಷ್ಟು ಇಳಿಸಿ, ಕ್ಲೋರೈಡು ಹೋಗುವ ತನಕ ಮತ್ತೆ ಮತ್ತೆ ತೊಳೆದು, ಸುಟ್ಟು ಅರೆಯುತ್ತಾರೆ. ಆ ಪುಡಿಯ ಬಿಲ್ಲೆಯನ್ನು ಯಂತ್ರದಲ್ಲಿ ಕೆತ್ತಿ ಸುಮಾರು 1500 ಡಿಗ್ರಿಯಲ್ಲಿ ಬೇಯಿಸಿದಾಗ ಅದು ಐದನೆಯ ಒಂದು ಭಾಗದಷ್ಟು ಕುಗ್ಗಿ ಕಿರೀಟವಾಗುತ್ತದೆ.

ಜಿರ್ಕೋನಿಯಂ, ಯುರೇನಿಯಂ ಎರಡನ್ನೂ 1789ರಲ್ಲಿ ಗುರುತಿಸಿದವನು ಜರ್ಮನಿಯ ಕ್ಲಾಪ್ರೋತ್ ಒಬ್ಬನೇ. ಕಳೆದ ಶತಮಾನದಲ್ಲಿ ಪಿಂಗಾಣಿ ಹಲ್ಲು ಸಹಜವಾಗಿ ಹೊಳೆಯಲೆಂದು ಯುರೇನಿಯಂ ಅನ್ನು ಬೇಕೆಂದೇ ಬೆರೆಸುತ್ತಿದ್ದರು! ಇಂದು ಐಎಸ್‌ಓ 6872 ಮಾನಕದ ಪ್ರಕಾರ ದಂತ ಪಿಂಗಾಣಿಯಲ್ಲಿ ಯುರೇನಿಯಂ-238ರ ವಿಕಿರಣ ಗ್ರಾಮಿಗೆ 1 ಬೆಕೆರೆಲ್ ಮೀರಬಾರದು. ಒಳ್ಳೆಯ ನಿಯಮ. ಆದರೆ ಆ ಅಳತೆಗೋಲು ಬಾಯಿಯ ಬಳಿಯೇ ನಿಂತುಬಿಡುತ್ತದೆ. ಹಲ್ಲಿನಿಂದ ತೆಗೆದ ಯುರೇನಿಯಂ ಇಲ್ಲವಾಗಿಲ್ಲ; ಕ್ಷಾರದ ನೀರು, ಆಮ್ಲದ ಶೇಷ, ಅಮೋನಿಯಂ ಕ್ಲೋರೈಡಿನ ಹರಿವುಗಳ ಜೊತೆ ಬೇರೊಬ್ಬರ ಊರಿನಲ್ಲಿ ಉಳಿದಿದೆ.

ಕಿರೀಟವೊಂದಕ್ಕೆ ಬೇಕಾಗುವುದು ಕೆಲವೇ ಗ್ರಾಂ, ಜಿರ್ಕಾನಿನ ದೊಡ್ಡ ಪಾಲು ಹೋಗುವುದು ನೆಲಹಾಸಿನ ಟೈಲ್ಸ್ ಮುಂತಾದವುಗಳಿಗೆ ಎಂದು ಆಕ್ಷೇಪಿಸಬಹುದು. ನಿಜ. ಆದರೆ ಶುದ್ಧಿಯನ್ನೇ ಬಂಡವಾಳ ಮಾಡಿಕೊಂಡು ಮಾರಾಟವಾಗುವುದು ಟೈಲ್ಸ್ ಅಲ್ಲ, ಹಲ್ಲು. ಪಾದರಸದ ತುಂಬುವಿಕೆಯನ್ನು ಕಡಿಮೆ ಮಾಡಲು 2013ರ ಮಿನಮಾತಾ ಒಪ್ಪಂದ ದಾರಿ ತೋರಿದುದನ್ನು ನಾವೆಲ್ಲ ಸ್ವಾಗತಿಸಿದೆವು. ಅದರ ಬದಲಿಗೆ ಬಂದುದರ ಜಾತಕವನ್ನು ಕೇಳಲು ಸಂಕೋಚವೇಕೆ? ಕೊಲ್ಲಂ ಜಿಲ್ಲೆಯ ಆಲಪ್ಪಾಡಿನ ಜನ 2018ರ ನವೆಂಬರ್‌ನಲ್ಲಿ ಸರದಿ ಉಪವಾಸಕ್ಕೆ ಕುಳಿತದ್ದು ಇಂಥ ಖನಿಜ ಮರಳಿನ ಗಣಿಯಿಂದ ತಮ್ಮ ನೆಲ ಕಡಲ ಪಾಲಾಗುತ್ತಿದೆಯೆಂದೇ.

ದಂತ ಸಾಮಗ್ರಿಯ ಪೊಟ್ಟಣದ ಮೇಲೆ ಮರಳಿನ ಮೂಲವನ್ನೂ ಶೇಷದ ವಿಲೇವಾರಿಯನ್ನೂ ನಮೂದಿಸುವುದನ್ನು ಕಡ್ಡಾಯಗೊಳಿಸಬೇಕೆಂಬುದು ನನ್ನ ಬೇಡಿಕೆ. ಈ ಎರಡು ಪ್ರಶ್ನೆಗಳನ್ನು ಬರೆದು ನನ್ನ ವೈದ್ಯರಿಗೆ ಕೊಟ್ಟಿದ್ದೇನೆ. ಅವರು ಪ್ರಯೋಗಾಲಯಕ್ಕೆ, ಪ್ರಯೋಗಾಲಯದವರು ಸರಬರಾಜುದಾರರಿಗೆ ದಾಟಿಸಿದ್ದಾರಂತೆ.